ಪರಸೋಂ ಹಾಕಿದ ಪೈಪು

ನನ್ನ ದಿನಚರಿಯಲ್ಲಿ ಆ ಭಾನುವಾರದ ಪುಟದಲ್ಲಿ ಹೀಗಿದೆ: "ಕಮಲಾಪುರ. ಆರೂ ಪಟ್ಟಿ ಕೂತವು. ಬಲಗಡೆಯದು ಸ್ವಲ್ಪ ಸತಾಯಿಸಿತು. ಪೆಟ್ರೋಲ್ ಪೈಪು ಮೊನ್ನೆ ಹಾಕಿದ್ದು ಎಂದರು ಉಸ್ತಾದ್. ಬೆನ್ನು ನೋವು."

ಇದರಲ್ಲಿ ಪೂರ್ತಿ ಸುಳ್ಳು ಎನ್ನುವಂಥ ಮಾತು ಒಂದೂ ಇಲ್ಲ. ಆದರೂ ಈ ಪುಟವನ್ನು ನಾನು ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿಯಾಗಿ ಬಳಸಿದ್ದೇನೆ. ಅದನ್ನು ಬರೆಯಲು ಈಗ ಕೂತಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ಓದುವಾಗಿನಿಂದ ನನಗೆ ದಿನಚರಿಯ ಅಭ್ಯಾಸ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ ಎನ್ನುವುದೇ ಕಾರಣ. ಅಪ್ಪ ತೀರಿಕೊಂಡ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ ಎಂಬ ವಿಷಯಕ್ಕೆ ಇಬ್ಬರು ಅತ್ತೆಯರ ಜೊತೆ ವಾದ ಹೂಡಿ, ಆಮೇಲೆ ಫೋಟೊ ನೋಡಿ ಸೋತವಳು ನಾನು. ಕಾಗದದ ಮೇಲಿದ್ದರೆ ಬದಲಾಗುವುದಿಲ್ಲ ಎಂದುಕೊಂಡಿದ್ದೆ. ಬರೆಯುವ ಹೊತ್ತಿಗೇ ಬದಲಾಗಿರುತ್ತದೆ ಎಂಬುದು ಹೊಳೆದಿರಲಿಲ್ಲ.

ನಾನು ಕೆಲಸ ಮಾಡುವುದು ಕಲಬುರಗಿಯಲ್ಲಿ, ಶರಣಬಸವೇಶ್ವರ ದೇವಸ್ಥಾನದ ಹಿಂದಿನ ರಸ್ತೆಯಲ್ಲಿರುವ ಒಂದು ಸಣ್ಣ ಕಾರ್ಯಾಗಾರದಲ್ಲಿ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡುತ್ತೇವೆ. ಮೊಂಡಾದ ಕಾಲು ಕೂರುವ ಬಟ್ಟಲನ್ನು ಕಾರ್ಬನ್ ಫೈಬರ್ ಬಟ್ಟೆಯಿಂದ ಅಚ್ಚು ಹಾಕುವುದು ನನ್ನ ಪಾಲಿನ ಕೆಲಸ. ಕಪ್ಪು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಇಪಾಕ್ಸಿ ಅಂಟು ಕುಡಿಸಿ, ಗಾಳಿ ಎಳೆದು ಒಣಗಿಸಿದರೆ ತಗಡಿಗಿಂತ ಹಗುರಾದ, ಅದಕ್ಕಿಂತ ಗಟ್ಟಿಯಾದ ವಸ್ತು ಸಿಗುತ್ತದೆ. ಕತ್ತರಿಸಿದ ಅಂಚು ಮಾತ್ರ ಗರಗಸದ ಹಾಗಿರುತ್ತದೆ. ಅದನ್ನು ನೀರು ಹಾಕಿ ಮರಳು ಕಾಗದದಿಂದ ಉಜ್ಜಿ ಉಜ್ಜಿ ಗುಂಡಗೆ ಮಾಡಬೇಕು. ಹದಿನಾಲ್ಕು ವರ್ಷಗಳಲ್ಲಿ ಚರ್ಮಕ್ಕೆ ತಾಗುವ ಒಂದು ಅಂಚನ್ನೂ ನಾನು ಉಜ್ಜದೆ ಬಿಟ್ಟಿಲ್ಲ.

ಅಣ್ಣನಿಗೆ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿಯ ಅಂಗಡಿ, ಊರಾಚೆ ಬೇಳೆ ಮಿಲ್ಲು. ಮೂರು ವರ್ಷದ ಹಿಂದೆ ಅವನು ಹೈದರಾಬಾದಿನಿಂದ ಒಂದು ಹಳೆಯ ಅಮೆರಿಕನ್ ಕಾರು ತಂದ. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಮಸಲ್ ಕಾರ್ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಗಂಜಿನ ಹಮಾಲರು ಅದಕ್ಕೆ ಕೋಣ ಎಂದು ಹೆಸರಿಟ್ಟರು. ಅದು ಸಂದಿಯೊಳಗೆ ತಿರುಗಲಾರದೆ ನಿಂತು ಗುರುಗುಟ್ಟುವಾಗ "ಸಾವ್ಕಾರ್ರ ಕೋಣಕ್ಕ ನೀರಡಿಕಿ ಆಗ್ಯಾದ, ದಾರಿ ಬಿಡ್ರೋ" ಎನ್ನುತ್ತಿದ್ದರು. ಅಣ್ಣನಿಗೆ ಇದು ಬೇಸರವಲ್ಲ, ಖುಷಿ.

ಆ ಎಂಜಿನ್ನಿಗೆ ಕೈ ಹಚ್ಚುವ ಧೈರ್ಯ ಕಲಬುರಗಿಯಲ್ಲಿ ಯಾರಿಗೂ ಬರಲಿಲ್ಲ. ಕಮಲಾಪುರದಲ್ಲಿ ಹುಮನಾಬಾದ್ ರಸ್ತೆಯ ಬದಿಗೆ ತಗಡಿನ ಶೆಡ್ಡು ಇಟ್ಟುಕೊಂಡ ಒಬ್ಬ ಮಿಸ್ತ್ರಿ ಇದ್ದಾರೆ, ಅರವತ್ತು ದಾಟಿದವರು. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಮಿಲ್ಲಿನ ಟೆಂಪೊ, ಯಾವುದಾದರೂ ಸರಿ, ಮೊದಲು ಕಣ್ಣು ಮುಚ್ಚಿ ಐದು ನಿಮಿಷ ಸದ್ದು ಕೇಳುವುದು ಅವರ ಪದ್ಧತಿ. ಕೋಣದ ಸದ್ದನ್ನೂ ಹಾಗೇ ಕೇಳಿದರು. ಆಮೇಲೆ ಅಣ್ಣನಿಗೆ, "ಎಂಟರಾಗ ಎರಡು ನಿದ್ದಿ ಹೊಡ್ಯಾಕತ್ತಾವ್ರಿ ಸಾವ್ಕಾರ್ರ" ಎಂದರಂತೆ. ವಾರದೊಳಗೆ ಎಬ್ಬಿಸಿದರು. ಅಂದಿನಿಂದ ಕಾರು ತಿಂಗಳಿಗೊಮ್ಮೆ ಕಮಲಾಪುರಕ್ಕೆ ಹೋಗಿ ಬರುತ್ತಿತ್ತು. ಮಿಲ್ಲಿನ ಮೂರು ಟೆಂಪೊಗಳೂ ಅವರ ಕೈಗೇ ಹೋದವು.

ಕಳೆದ ವರ್ಷದ ಕೊನೆಯಲ್ಲಿ ಅಣ್ಣ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಯಾವುದೋ ದೇಶದ ಅಂಥದ್ದೇ ಕಾರು, ಬಾನೆಟ್ ತೆರೆದಿದೆ. ಎಂಜಿನ್ನಿನ ಸುತ್ತ ಎಲ್ಲಾ ಕಡೆ ಕಾರ್ಬನ್ ಫೈಬರ್ ಹೊದಿಕೆ, ಹೊಳೆಯುವ ಕಪ್ಪು ನೇಯ್ಗೆ.

"ಇದು ನೀ ಮಾಡೂದೇ ಅಲ್ಲೇನು? ಕಾಲಿಗಿ ಮಾಡ್ತಿ, ನನ್ನ ಗಾಡಿಗಿ ಮಾಡಲ್ಲ?"

ಒಲ್ಲೆ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೂ ಆಸೆಯಾಯಿತು. ನಾನು ಮಾಡಿದ್ದೆಲ್ಲ ಪ್ಯಾಂಟಿನೊಳಗೆ, ಸೀರೆಯೊಳಗೆ ಮುಚ್ಚಿಹೋಗುವ ವಸ್ತು. ಜನ ನಿಂತು ನೋಡುವಂಥದ್ದನ್ನು ಒಮ್ಮೆಯಾದರೂ ಮಾಡಬೇಕು ಅನಿಸಿತು.

ಐದಾರು ಭಾನುವಾರ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಕಾರು ಆಗ ಉಸ್ತಾದರ ಶೆಡ್ಡಿನಲ್ಲೇ ನಿಂತಿತ್ತು. ಮೊದಲು ಬೇಳೆಯ ಪೆಟ್ಟಿಗೆಯ ರಟ್ಟಿನಲ್ಲಿ ಅಳತೆ ತೆಗೆದೆ. ರೇಡಿಯೇಟರ್ ಮೇಲಕ್ಕೊಂದು, ಎರಡೂ ಬದಿಯ ಗೋಡೆಗೆ ಒಂದೊಂದು, ಹಿಂದಿನ ಗೋಡೆಗೆ ಎರಡು, ಗಾಳಿ ಸೋಸುವ ಡಬ್ಬಿಯ ಮೇಲೊಂದು ಮುಚ್ಚಳ, ಹೀಗೆ ಆರು ತುಂಡು. ನಾವು ಅವಕ್ಕೆ ಪಟ್ಟಿ ಎನ್ನುತ್ತಿದ್ದೆವು. ರಟ್ಟು ಸರಿಯಾಗಿ ಕೂರುವವರೆಗೆ ಕತ್ತರಿಸುವುದು, ಊರಿಗೆ ತಂದು ಅಚ್ಚು ಮಾಡುವುದು, ಮುಂದಿನ ವಾರ ಒಯ್ದು ಇಟ್ಟು ನೋಡುವುದು.

ಉಸ್ತಾದ್ ಟ್ರ್ಯಾಕ್ಟರಿನ ಕೆಳಗಿನಿಂದಲೇ ಮಾತಾಡಿಸುತ್ತಿದ್ದರು.

"ಎಂಜಿನ್ನಿಗಿ ಶೇರವಾನಿ ಹೊಲಿಯಾಕತ್ತೀರೇನ್ರಿ ಅಕ್ಕಾರ? ಶಾದಿ ಯಾವಾಗ?"

"ಹೆಣ್ಣು ಸಿಗಲಿ ಮೊದಲ, ಉಸ್ತಾದ್."

"ಇಷ್ಟು ಎಣ್ಣಿ ಕುಡಿಯೋನಿಗಿ ಯಾರ್ ಹೆಣ್ಣ ಕೊಡ್ತಾರ್ರಿ?"

ಅವರಿಗೆ ಈ ಅಲಂಕಾರ ಇಷ್ಟವಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಎಂಜಿನ್ನು ಉಸಿರಾಡಬೇಕು, ಕೈ ಎಲ್ಲ ಕಡೆ ಹೋಗುವಂತಿರಬೇಕು ಎಂದು ಒಮ್ಮೆ ಹೇಳಿದ ನೆನಪು. ಅದು ಅವರೇ ಹೇಳಿದ್ದೋ, ನಡೆದದ್ದನ್ನೆಲ್ಲ ತಿಳಿದ ಮೇಲೆ ನಾನು ಅವರ ಬಾಯಲ್ಲಿ ಇಟ್ಟದ್ದೋ ಗೊತ್ತಿಲ್ಲ. ದಿನಚರಿಯಲ್ಲಿ ಇಲ್ಲ.

ಕೊನೆಯ ಭಾನುವಾರ ಐದು ಪಟ್ಟಿ ಸರಾಗವಾಗಿ ಕೂತವು. ಬಲಗಡೆಯದು ಕೂರಲಿಲ್ಲ. ಅಲ್ಲಿ ಗೋಡೆಯ ಉದ್ದಕ್ಕೆ ಕಾರ್ಬ್ಯುರೇಟರಿಗೆ ಹೋಗುವ ರಬ್ಬರಿನ ಪೆಟ್ರೋಲ್ ಪೈಪು ಇತ್ತು. ಅದನ್ನು ಗೋಡೆಗೆ ಹಿಡಿದಿದ್ದ ತಗಡಿನ ಕ್ಲಿಪ್ಪು ಅರ್ಧ ಬೆರಳಿನಷ್ಟು ಮುಂದಕ್ಕೆ ಚಾಚಿತ್ತು. ರಟ್ಟು ಬಾಗಿ ಅದನ್ನು ದಾಟಿತ್ತು, ಕಾರ್ಬನ್ ಬಾಗಲಿಲ್ಲ. ಪಟ್ಟಿಯನ್ನು ಊರಿಗೆ ಒಯ್ದು ಕೊರೆದು ಮತ್ತೊಂದು ವಾರ ಕಾಯಬಹುದಿತ್ತು. ಅಣ್ಣ ಮುಂದಿನ ಭಾನುವಾರ ಬಂದು ನೋಡುವುದಾಗಿ ಹೇಳಿದ್ದ.

ಉಸ್ತಾದ್ ನಮಾಜಿಗೆ ಹೋಗಿದ್ದರು. ನಾನು ಅವರ ಸ್ಪ್ಯಾನರಿನಿಂದಲೇ ಕ್ಲಿಪ್ಪು ಬಿಚ್ಚಿದೆ. ಪೈಪನ್ನು ಪಟ್ಟಿಯ ಹಿಂದಕ್ಕೆ ಒತ್ತಿ ಸ್ಕ್ರೂ ಬಿಗಿದೆ. ಹೊರಗಿನಿಂದ ನೋಡಲು ಚೆನ್ನಾಗಿತ್ತು, ಪೈಪು ಕಾಣುತ್ತಲೇ ಇರಲಿಲ್ಲ. ಪಟ್ಟಿಯ ಕೆಳ ಅಂಚನ್ನು ನಾನು ಉಜ್ಜಿರಲಿಲ್ಲ. ಅದು ಒಳಗೆ ಹೋಗುವ ಭಾಗ, ಯಾರಿಗೂ ಕಾಣುವುದಿಲ್ಲ ಎಂದು ಬಿಟ್ಟಿದ್ದೆ.

ಉಸ್ತಾದ್ ತಿರುಗಿ ಬಂದಾಗ ಕ್ಲಿಪ್ಪಿನ ವಿಷಯ ಹೇಳಬೇಕೆಂದು ಬಾಯಿ ತೆರೆದವಳು, ಹೇಳದೆ ಬೇರೆ ಕೇಳಿದೆ.

"ಉಸ್ತಾದ್, ಈ ಪೆಟ್ರೋಲ್ ಪೈಪ್ ಛಲೋ ಅದ ಅಲ್ಲ? ಯಾವಾಗ ಹಾಕಿದ್ದು?"

"ಆ ಪೈಪಾ? ಪರಸೋಂ ಹಾಕೀನಲ್ರಿ. ಗಟ್ಟಿ ಅದ."

ಪರಸೋಂ. ಶಾಲೆಯ ಪುಸ್ತಕದ ಪ್ರಕಾರ ಮೊನ್ನೆ ಎಂದರ್ಥ. ನಮ್ಮ ಕಡೆಯ ದಖ್ಖನಿ ಮಾತಿನಲ್ಲಿ ಅದು ಅಷ್ಟು ಚಿಕ್ಕ ಶಬ್ದವಲ್ಲ. ನಾನು ಬೆಳೆದದ್ದು ಕಲಬುರಗಿಯಲ್ಲೇ, ಐವಾನ್-ಎ-ಶಾಹಿ ಬಂಗಲೆಯ ಹಿಂದಿನ ಓಣಿಯಲ್ಲಿ. ಪಕ್ಕದ ಮನೆಯ ಖಾಲಾ, ಎರಡು ಮಕ್ಕಳ ತಾಯಿಯಾದ ತನ್ನ ಮಗಳನ್ನು ತೋರಿಸಿ "ಪರಸೋಂ ಶಾದಿ ಕರೇ ಇಸ್ಕಿ", ಪರಸೋಂ ಇವಳ ಮದುವೆ ಮಾಡಿದೆವು, ಎನ್ನುತ್ತಿದ್ದಳು. ಕಳೆದ ವರ್ಷವೂ ಪರಸೋಂ, ಮನೆಗೆ ಸುಣ್ಣ ಹೊಡೆಸಿ ಐದು ವರ್ಷವಾಗಿದ್ದರೂ ಪರಸೋಂ. ಆಗಿಹೋದದ್ದು ಎಂಬುದಷ್ಟೇ ಅದರ ಅರ್ಥ. ಇದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು.

ಆ ಸಂಜೆ ಮನೆಗೆ ಬಂದು ಮೊನ್ನೆ ಎಂದು ಬರೆದೆ. ಕೆಟ್ಟ ಉದ್ದೇಶದಿಂದ ಬರೆದೆನೆ? ಇಲ್ಲ ಅನಿಸುತ್ತದೆ. ಕನ್ನಡದಲ್ಲಿ ಬರೆಯುವವಳು ಕನ್ನಡ ಶಬ್ದ ಹಾಕಿದೆ. ಆದರೆ ಬರೆಯುವಾಗ ಒಂದು ನಿರಾಳ ಆದದ್ದು ನೆನಪಿದೆ. ಪೈಪಿನ ಪಕ್ಕದ ಅಂಚು ಮನಸ್ಸನ್ನು ಚುಚ್ಚುತ್ತಿತ್ತು, ಮೊನ್ನೆ ಎಂಬ ಶಬ್ದ ಬಿದ್ದೊಡನೆ ಚುಚ್ಚುವುದು ನಿಂತಿತು. ಅಣ್ಣನಿಗೆ ಫೋನು ಮಾಡಿ, "ಎಲ್ಲಾ ಮುಗೀತು, ಪೈಪೂ ಹೊಸದೇ ಅದ" ಎಂದೆ. ಒಂದೇ ಸಂಜೆಯಲ್ಲಿ ಪರಸೋಂ ಮೊನ್ನೆಯಾಗಿ, ಮೊನ್ನೆ ಹೊಸದಾಗಿತ್ತು.

ಮುಂದಿನ ಭಾನುವಾರ ಅಣ್ಣ ಬಂದ. ಶೆಡ್ಡಿನ ಪಕ್ಕದ ಚಹಾ ಹೊಟೇಲಿನಿಂದ ಏಳೆಂಟು ಜನ ಎದ್ದು ಬಂದು ಬಾನೆಟ್ಟಿನೊಳಗೆ ಬಗ್ಗಿದರು. ಪಟ್ಟಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. "ಇದರಾಗ ಮಾರಿ ನೋಡಿ ಗಡ್ಡ ಕೆರೀಬಹುದಲ್ರಿ" ಎಂದ ಹೊಟೇಲಿನವ. ಅಣ್ಣ ರಸ್ತೆಗೆ ಒಯ್ದು ಎರಡು ಸುತ್ತು ಹೊಡೆದು ಬಂದು, ಬಾನೆಟ್ ತೆರೆದಿಟ್ಟು ಎಲ್ಲರಿಗೂ ಕೇಳಲೆಂದು ಎಕ್ಸಲರೇಟರ್ ತುಳಿದ. ಆ ಎಂಜಿನ್ನು ನಡುಗಿದರೆ ನೆಲವೂ ನಡುಗುತ್ತದೆ.

ಪೆಟ್ರೋಲಿನ ವಾಸನೆ ಮೊದಲು ಯಾರಿಗೆ ಬಂತೋ ತಿಳಿಯದು. ನನಗೇ ಎಂದುಕೊಂಡಿದ್ದೇನೆ. ಕೂಗಿದವರು ಮಾತ್ರ ಉಸ್ತಾದ್, "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದು. ಸದ್ದಿನಲ್ಲಿ ಅಣ್ಣನಿಗೆ ಕೇಳಲಿಲ್ಲ. ಬಲಗಡೆ ಕೆಳಗೆ, ಕಾದ ಸೈಲೆನ್ಸರ್ ಕೊಳವೆಯ ಹತ್ತಿರ ಒಂದು ನೀಲಿ ನಾಲಗೆ ಕಂಡಿತು, ಕೂಡಲೇ ಹಳದಿಯಾಯಿತು. ಜನ ಹಿಂದಕ್ಕೆ ಸರಿದರು. ಉಸ್ತಾದ್ ಟ್ಯೂಬಿನ ಪಂಕ್ಚರ್ ನೋಡುವ ನೀರಿನ ತೊಟ್ಟಿಯಲ್ಲಿ ಗೋಣಿ ಚೀಲ ಅದ್ದಿ ಒಳಗೆ ಒತ್ತಿ ಹಿಡಿದರು. ಇನ್ನೊಂದು ಚೀಲ, ಮೇಲೆ ಮಣ್ಣು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಕಾರು ಉಳಿಯಿತು. ಉಸ್ತಾದರ ಎಡ ಮಣಿಕಟ್ಟಿನ ಮೇಲೆ ಚರ್ಮ ಸುಟ್ಟು ಬಿಳಿಯಾಗಿತ್ತು.

ಹೆದರಿದ ಅಣ್ಣನಿಗೆ ಹೆದರಿಕೆ ಇಳಿಯುತ್ತಲೇ ಸಿಟ್ಟು ಬಂತು. ಬಗ್ಗಿ ನೋಡಿದ.

"ಪೈಪ್ ಹರದದ. ಯಾವಾಗ ಹಾಕಿದ್ರಿ ಇದು?"

"ಗಾಡಿ ಬಂದ ಹೊಸದರಾಗ ಹಾಕೀನ್ರಿ."

"ಮೂರು ವರ್ಷ? ನಮ್ಮ ತಂಗಿಗಿ ಹೊಸದು ಅಂತ ಹೇಳೀರಿ." ಅಣ್ಣ ನನ್ನ ಕಡೆ ತಿರುಗಿದ. "ಏನಂದಿದ್ರು ನಿನಗ? ಹೇಳು."

ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಮೊನ್ನೆ ಹಾಕಿದ್ದು ಅಂದಿದ್ರು," ಎಂದೆ.

ಉಸ್ತಾದ್ ತಮ್ಮ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. "ನಾ ಪರಸೋಂ ಅಂದಿದ್ದೆ ಅಕ್ಕಾರ."

"ಪರಸೋಂ ಅಂದ್ರ ಮೊನ್ನೆ. ಮತ್ತೇನು?" ಎಂದ ಅಣ್ಣ. ಗಂಜಿನಲ್ಲಿ ದಿನವಿಡೀ ದಖ್ಖನಿಯಲ್ಲೇ ವ್ಯಾಪಾರ ಮಾಡುವ ಅಣ್ಣನಿಗೂ ಆ ಶಬ್ದ ಗೊತ್ತಿತ್ತು. ಹೊಟೇಲಿನಿಂದ ಬಂದವರಲ್ಲಿ ನಾಲ್ಕು ಜನಕ್ಕಾದರೂ ಅದು ಮನೆಮಾತು. ಅವರು ಚಹಾದ ಗ್ಲಾಸಿನೊಳಗೆ ನೋಡಿಕೊಂಡರು. "ನನಗೊಂದು ಮಾತು, ಆಕಿಗೊಂದು ಮಾತು. ನಿಂದು ಎರಡು ನಾಲಿಗಿ ಅದ ಉಸ್ತಾದ್" ಎಂದ ಅಣ್ಣ, ಆವರೆಗೆ ರೀ ಹಚ್ಚಿ ಮಾತಾಡುತ್ತಿದ್ದವನು.

ನಾನು ಒಂದು ಮಾತು ಆಡಬಹುದಿತ್ತು. ಕ್ಲಿಪ್ಪು ಬಿಚ್ಚಿದ್ದು ನಾನು ಎಂದರೆ ಸಾಕಿತ್ತು. ಮಸಿ ಹಿಡಿದ ಗಾಳಿ ಡಬ್ಬಿಯನ್ನು ನೋಡುತ್ತ ನಿಂತೆ.

ಮಿಲ್ಲಿನ ಲಾರಿ ಬಂದು ಕಾರನ್ನು ಎಳೆದುಕೊಂಡು ಹೋಯಿತು. ಆ ವಾರವೇ ಟೆಂಪೊಗಳನ್ನು ಅಣ್ಣ ಬೇರೆ ಕಡೆ ಹಾಕಿದ. ಗಂಜಿನಲ್ಲಿ ಅಂಗಡಿಯಿಂದ ಅಂಗಡಿಗೆ ಕಥೆ ನಡೆಯಿತು, ಪ್ರತಿ ಸಲವೂ ಬೆಂಕಿ ಒಂದು ಗೇಣು ಎತ್ತರವಾಯಿತು.

ಬುಧವಾರ ನಾನು ಮಿಲ್ಲಿಗೆ ಹೋಗಿ ಪಟ್ಟಿಗಳನ್ನು ಬಿಚ್ಚಿದೆ. ಬಲಗಡೆಯದು ಅರ್ಧ ಸುಟ್ಟಿತ್ತು. ಕೆಳ ಅಂಚು ಮಾತ್ರ ಹಾಗೇ ಉಳಿದಿತ್ತು. ಅದರ ಹಲ್ಲುಗಳ ನಡುವೆ ಕಪ್ಪು ರಬ್ಬರಿನ ಪುಡಿ ಮೆತ್ತಿಕೊಂಡಿತ್ತು, ಬೆರಳುದ್ದ. ಪೈಪು ಹಳೆಯದಾಗಿ ಬಿರಿದದ್ದಲ್ಲ. ಎಂಜಿನ್ನು ನಡುಗಿದಂತೆಲ್ಲ ನನ್ನ ಅಂಚು ಅದನ್ನು ಕೊಯ್ದಿತ್ತು.

ಬಟ್ಟೆ ತೆಗೆದುಕೊಂಡು ಪುಡಿಯನ್ನು ಒರೆಸಿದೆ. ಇದನ್ನು ಅಂದು ದಿನಚರಿಯಲ್ಲಿ ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ಒಂದಲ್ಲ ಒಂದು ದಿನ ನಡೆದೇ ಇಲ್ಲ ಎಂದಾಗುತ್ತದೆ ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿದ್ದೆನೇನೋ.

ಹತ್ತು ದಿನದ ಮೇಲೆ ಕಮಲಾಪುರದ ಹೊಟೇಲಿನವ ಅಣ್ಣನಿಗೆ ಫೋನು ಮಾಡಿದ. ನಾನು ಆಗ ಅಂಗಡಿಯಲ್ಲಿ ಅಣ್ಣನ ಎದುರೇ ಕೂತಿದ್ದೆ. ಅಣ್ಣ ಸ್ಪೀಕರಿಗೆ ಹಾಕಿದ.

"ಸಾವ್ಕಾರ್ರ, ಉಸ್ತಾದ್ ಹಂಥಾ ಮನುಷ್ಯಾ ಅಲ್ರಿ. ಮಾತಿನಾಗ ಏನರ ಹೆಚ್ಚುಕಡಿಮಿ ಆಗಿರಬೇಕು."

"ಮಾತಿಂದು ಬಿಡಪಾ. ನಮ್ಮ ತಂಗಿ ಅವತ್ತೇ ಬರದ ಇಟ್ಟಾಳ. ಓದಲಿ ಏನು?" ಆ ಪುಟದ ವಿಷಯ ಅವನಿಗೆ ನಾನೇ ಹೇಳಿದ್ದೆ. ಅಣ್ಣ ನನ್ನನ್ನು ನೋಡಿದ. "ನಿನ್ನ ಡೈರಿ ಬ್ಯಾಗಿನ್ಯಾಗ ಇರ್ತದಲ್ಲ? ಓದು."

ಓದಿದೆ. ಪೈಪಿನ ವಾಕ್ಯ ಮಾತ್ರ. ಓದುವಾಗ ನನ್ನ ದನಿ ನೆಟ್ಟಗಿತ್ತು.

"ಬರದಾರಂದ ಮ್ಯಾಲ ಮುಗೀತು ಬಿಡ್ರಿ," ಎಂದ ಹೊಟೇಲಿನವ.

ಅದರ ಫಲ ಏನಾಯಿತೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಕಮಲಾಪುರದ ಕಡೆಯ ಒಬ್ಬ ಹೆಂಗಸು ನಮ್ಮ ಕಾರ್ಯಾಗಾರಕ್ಕೆ ಬಂದಿದ್ದಳು. ಕಬ್ಬಿನ ಗಾಡಿಗೆ ಸಿಕ್ಕಿ ಮೊಣಕಾಲಿನ ಕೆಳಗೆ ಕಾಲು ಹೋಗಿತ್ತು. ಹೊಸ ಬಟ್ಟಲನ್ನು ಹಾಕಿ ನೋಡುವ ದಿನ. ಅವಳ ಗಂಡ ಬಾಗಿಲಲ್ಲಿ ಕೂತು ಹರಟುತ್ತಿದ್ದ. ಟ್ರ್ಯಾಕ್ಟರು ಕೆಟ್ಟಿದೆ, ಕಲಬುರಗಿಗೇ ತರಬೇಕಾಯಿತು ಎಂದ. ನಿಮ್ಮೂರಲ್ಲೇ ಉಸ್ತಾದ್ ಇದ್ದಾರಲ್ಲ ಎಂದೆ.

"ಪರಸೋಂ ಉಸ್ತಾದಾ?" ಎಂದು ನಕ್ಕ. "ಈಗ ಎಲ್ಲಾರೂ ಹಂಗ ಅಂತಾರ್ರಿ. ಸಾಮಾನು ಖರೇನೇ ಹಾಕೀಯೋ, ಪರಸೋಂ ಹಾಕೀಯೋ ಅಂತ ಕೇಳ್ತಾರ. ಪಾಪ ಮುದುಕ ತಲಿ ಎತ್ತಂಗಿಲ್ಲ."

ಹೆಂಗಸು ಬಟ್ಟಲಿನ ಅಂಚಿಗೆ ಬೆರಳು ಆಡಿಸುತ್ತಿದ್ದಳು. "ಎಷ್ಟು ನುಣ್ಣಗ ಮಾಡೀರಿ ಯವ್ವಾ, ಬೆಣ್ಣಿ ಹಂಗ ಅದ," ಎಂದಳು. ನಾನು ಕೈ ತೊಳೆಯುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅದೇ ಮಧ್ಯಾಹ್ನ ಅಣ್ಣನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕ್ಲಿಪ್ಪು, ಅಂಚು, ಒರೆಸಿದ ಪುಡಿ, ಪರಸೋಂ. ಅಣ್ಣ ತೊಗರಿಯ ಮಾದರಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದ.

"ಯಾರ ಮುಂದರ ಹೇಳೀಯೇನು?"

"ಇಲ್ಲ."

"ಹಂಗಾರ ಬಿಡು. ಆಗಿದ್ದು ಆಗಿಹೋತು. ಇಡೀ ಗಂಜಿಗಿ ನಾನೇ ಹೇಳ್ಕೋತ ತಿರುಗೀನಿ. ಈಗ ಹೋಗಿ ನಮ್ಮ ತಂಗೀದೇ ತಪ್ಪು ಅಂತ ಹೇಳ್ಲಾ?"

"ಅವರಿಗಿ ಅಡ್ಡಹೆಸರು ಬಿದ್ದದ ಅಣ್ಣಾ."

"ಹೆಸರು ಇಟ್ಟಾವ ನಾ ಅಲ್ಲ." ಮಾದರಿಯನ್ನು ತಟ್ಟೆಗೆ ಸುರಿದ. "ಮತ್ತ ನೀನೂ ಪೈಪ್ ಹಳೇದು ಇರಲಿಲ್ಲ ಅಂತ ಹೇಳಂಗಿಲ್ಲ. ಹಳೇದೇ ಇತ್ತು."

ಅವನ ಮಾತಿನಲ್ಲಿ ತಪ್ಪು ಹುಡುಕುವ ಯೋಗ್ಯತೆ ನನಗಿರಲಿಲ್ಲ. ಒಂದು ತಿಂಗಳು ನಾನು ಹಿಡಿದುಕೊಂಡು ಕೂತದ್ದೂ ಇದೇ ಮಾತನ್ನು.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದೆ. ತಪ್ಪಾಯಿತು ಎಂದು ಶುರು ಮಾಡುವುದೋ, ನಡೆದದ್ದನ್ನು ಹೇಳಿ ತಪ್ಪಾಯಿತು ಎಂದು ಮುಗಿಸುವುದೋ. ಇಳಿದಾಗ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವವಳು ಕರೆದಳು. ಒಂದು ಡಜನ್ ಕೊಂಡೆ. ಶೆಡ್ಡಿನ ಹತ್ತಿರ ಬಂದಾಗ ಹಣ್ಣು ಹಿಡಿದು ಹೋಗುವುದು ನಾಚಿಕೆಗೇಡು ಅನಿಸಿ ಚೀಲದೊಳಗೆ ತಳ್ಳಿದೆ.

ಉಸ್ತಾದ್ ಒಬ್ಬರೇ ಇದ್ದರು. ಒಂದು ಪಂಪ್‌ಸೆಟ್ಟಿನ ಮುಂದೆ ಕೂತಿದ್ದರು. ಮಣಿಕಟ್ಟಿನ ಗಾಯ ಮಾಗಿ ನಸುಗೆಂಪಾಗಿತ್ತು.

"ಬರ್ರಿ ಅಕ್ಕಾರ. ಕಾಲು ಮುರದೋರು ಯಾರೂ ಇಲ್ಲಲ್ರಿ ಇಲ್ಲಿ."

"ಉಸ್ತಾದ್, ಆ ಪೈಪಿನ ಕ್ಲಿಪ್ ನಾನು ಬಿಚ್ಚಿದ್ದೆ."

"ಗೊತ್ತದ."

"ಪೈಪ್ ಕೊಯ್ದದ್ದು ನನ್ನ ಪಟ್ಟಿ."

"ಅದೂ ಗೊತ್ತದ್ರಿ. ಕ್ಲಿಪ್ ನನ್ನ ಡಬ್ಬ್ಯಾಗೇ ಒಗದಿದ್ರಿ ನೀವು. ಬೆಂಕಿ ಆರಿದ ಮ್ಯಾಲ ಸ್ಪ್ಯಾನರ್ ಇಡಾಕ ಹೋದಾಗ ಕಂಡದ."

"ಮತ್ತ ಅವತ್ತೇ ಯಾಕ ಹೇಳಲಿಲ್ಲ?"

"ಯಾರಿಗಿ? ಸಾವ್ಕಾರ್ರಿಗಿ ಅವರ ತಂಗಿ ಮ್ಯಾಲ ಹೇಳ್ಲಾ? ನೀವೇ ಹೇಳ್ತೀರಿ ಅಂತ ತಿಳಕೊಂಡೆ. ಓದಿದವರು. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ ಕುಂತೆ. ನೀವು ನೋಡಿದ್ರ ಡೈರಿ ಓದಿ ಹೇಳೀರಂತ."

ಅವರು ಬೋಲ್ಟ್ ಒಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬ್ರಶ್ಶಿನಿಂದ ತಿಕ್ಕಿದರು.

"ಪೈಪಿಂದು ಹೋಗಲಿ. ಕೆಲಸದಾಗ ಆಗ್ತದ. ನಂದೂ ಎಷ್ಟೋ ಸಲ ಆಗ್ಯಾದ. ಅಕ್ಕಾರ, ನೀವು ಐವಾನ್-ಎ-ಶಾಹಿ ಓಣ್ಯಾಗ ಬೆಳದವರು ಅಂದಿದ್ರಿ. ಪರಸೋಂ ಅಂದ್ರ ಏನು ಅಂತ ಗೊತ್ತಿಲ್ಲೇನು ನಿಮಗ?"

"ಗೊತ್ತದ."

"ಅವತ್ತೂ ಗೊತ್ತಿತ್ತು?"

"ಗೊತ್ತಿತ್ತು."

ಅವರು ತಲೆ ಅಲ್ಲಾಡಿಸಿದರು. ಸಿಟ್ಟಿನಿಂದಲ್ಲ. ಎಂಜಿನ್ನಿನ ಸದ್ದು ಕೇಳಿ ಯಾವುದು ಕೆಟ್ಟಿದೆ ಎಂದು ತಿಳಿದಾಗ ಹಾಗೆ ಮಾಡುತ್ತಿದ್ದರು.

"ಕ್ಷಮಾ ಮಾಡ್ರಿ ಉಸ್ತಾದ್," ಎಂದೆ.

"ನನಗ ಹೇಳಿ ನನಗೇನು ಫಾಯ್ದೆ ಆತ್ರಿ? ನನಗ ಮೊದಲೇ ಗೊತ್ತಿತ್ತು." ಬ್ರಶ್ಶಿನಿಂದ ಹೊಟೇಲಿನ ಕಡೆ ತೋರಿಸಿದರು. "ಅವತ್ತು ಅಲ್ಲಿದ್ದವರ ಮುಂದ ನನಗ ಎರಡು ನಾಲಿಗಿ ಅಂದಾರ. ಅವರಿಗಿ ಹೇಳ್ರಿ. ಚಾದ ಟೈಮ್ ಅದ, ಎಲ್ಲಾರೂ ಅದಾರ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬರ ಮುಂದೆ ತಲೆ ತಗ್ಗಿಸಲು ಸಿದ್ಧಳಾಗಿ ಬಂದಿದ್ದೆ. ಶೆಡ್ಡಿನಿಂದ ಹೊಟೇಲಿಗೆ ಹತ್ತು ಹೆಜ್ಜೆ. ಅಷ್ಟರಲ್ಲಿ, ಅಣ್ಣನ ಮರ್ಯಾದೆ ಏನಾದೀತು ಎಂಬ ಯೋಚನೆಯೂ ಬಂತು. ಅದು ಅಣ್ಣನ ಮೇಲಿನ ಕಾಳಜಿಯಲ್ಲ, ಹಿಂದಕ್ಕೆ ತಿರುಗಲು ಒಂದು ಕಾರಣ ಎಂದು ತಿಳಿಯುವಷ್ಟು ಮಾತ್ರ ಪ್ರಾಮಾಣಿಕತೆ ನನ್ನಲ್ಲಿ ಉಳಿದಿತ್ತು.

ಬೆಂಚಿನ ಮೇಲೆ ಆರು ಜನ ಇದ್ದರು. ನಾನು ನಿಂತು ಹೇಳಿದೆ. ಹೆದರಿಕೆಯಲ್ಲಿ ನನ್ನ ಬಾಯಿಂದ ಪಾಠ ಹೇಳುವ ಕನ್ನಡ ಬಂತು, "ಅಂದು ನಡೆದ ಅವಘಡಕ್ಕೆ ನಾನು ಕಾರಣ" ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಟೇಲಿನವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ತಿಳಿಯುವಂಗ ಹೇಳ್ರಿ ಅಕ್ಕಾರ."

"ಉಸ್ತಾದ್ ಸುಳ್ಳು ಹೇಳಿಲ್ಲ. ಪರಸೋಂ ಅಂದಿದ್ರು. ನಾನೇ ಅದನ್ನ ಮೊನ್ನೆ ಅಂತ ಬರಕೊಂಡೆ. ಪೈಪ್ ಗಟ್ಟಿ ಇತ್ತು. ಅದರ ಕ್ಲಿಪ್ ನಾ ಬಿಚ್ಚಿ ಸುಮ್ಮನಾದೆ. ನನ್ನ ಪಟ್ಟಿ ಅದನ್ನ ಕೊಯ್ತು."

"ಮತ್ತ ಫೋನಿನ್ಯಾಗ ಓದಿದ್ದು?"

"ಅದೇ ಬರಕೊಂಡಿದ್ದು."

ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಮುದುಕ, "ಕಾಲು ಮಾಡೋರು ಕಾಲು ಮಾಡಬೇಕವ್ವ, ಎಂಜಿನ್ನಿಗಿ ಯಾಕ ಕೈ ಹಚ್ಚಿದಿ?" ಎಂದ. ಇಬ್ಬರು ನಕ್ಕರು. ಹೊಟೇಲಿನವ ನಗಲಿಲ್ಲ. ಶೆಡ್ಡಿನ ಕಡೆ ನೋಡಿ, "ನಾನೂ ಪರಸೋಂ ಉಸ್ತಾದ್ ಅಂತ ಕರದೀನಿ. ಎಲ್ಲಾರಿಗಿಂತ ಮೊದಲ ನಾನೇ," ಎಂದ. ಒಂದು ಗ್ಲಾಸು ಚಹಾ ಹಿಡಿದು ತಾನೇ ಆ ಕಡೆ ನಡೆದ. ಅವರಿಬ್ಬರು ಏನು ಮಾತಾಡಿದರೋ ನನಗೆ ಕೇಳಲಿಲ್ಲ. ಉಸ್ತಾದ್ ಗ್ಲಾಸು ತೆಗೆದುಕೊಂಡದ್ದು ಕಂಡಿತು.

ಹೊರಡುವ ಮುಂಚೆ ಶೆಡ್ಡಿಗೆ ಹೋದೆ. ಕಾರನ್ನು ಮತ್ತೆ ಇಲ್ಲಿಗೇ ಕಳಿಸಲೇ ಎಂದು ಕೇಳಿದೆ.

"ಗಾಡಿ ನಿಮ್ಮದೇನ್ರಿ?"

"ಅಣ್ಣಂದು."

"ಎರಡು ನಾಲಿಗಿ ಅಂದಾವ್ರು ಅವರು. ಅವರೇ ಹೊಡಕೊಂಡು ಬರಲಿ. ಬಂದು ಆ ಹೊಟೇಲದಾಗ ಕುಂತು ಒಂದು ಚಾ ಕುಡೀಲಿ. ಅಷ್ಟು ಮಾಡಿದ್ರ ಬಾನೆಟ್ ತೆಗೀತೀನಿ. ನಿಮ್ಮ ಕಡಿಂದ ಆಗೂದು ಆತ್ರಿ, ಹೋಗಿ ಬರ್ರಿ."

ನಾನು ಊರು ಮುಟ್ಟುವ ಮೊದಲೇ ಅಣ್ಣನಿಗೆ ಸುದ್ದಿ ಮುಟ್ಟಿತ್ತು. ಹದಿನೈದು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಏನೂ ಆಗದವನಂತೆ ಫೋನು ಮಾಡಿ, ಸುಟ್ಟುಹೋದ ಪಟ್ಟಿಯನ್ನು ಇನ್ನೊಮ್ಮೆ ಮಾಡಿಕೊಡು, ಹೈದರಾಬಾದಿನಿಂದ ಒಬ್ಬ ಮಿಸ್ತ್ರಿ ಬರುತ್ತಾನೆ ಎಂದ. ಆ ಮಿಸ್ತ್ರಿ ಬಂದು ಎರಡು ದಿನ ಎಂಜಿನ್ನಿನ ಜೊತೆ ಗುದ್ದಾಡಿ ಹೋದ. ಎಂಟರಲ್ಲಿ ಮೂರು ಏಳುತ್ತಲೇ ಇಲ್ಲವಂತೆ.

ಪಟ್ಟಿ ಮಾಡಿದ್ದೇನೆ. ಈ ಸಲ ಕ್ಲಿಪ್ಪಿಗೆ ಜಾಗ ಬಿಟ್ಟು ಕೊರೆದಿದ್ದೇನೆ, ಕೆಳ ಅಂಚನ್ನು ಮೂರು ಸಂಜೆ ಉಜ್ಜಿದ್ದೇನೆ. ಅದನ್ನು ಒಯ್ಯಲು ಅಣ್ಣ ಎರಡು ಸಲ ಮಿಲ್ಲಿನ ಆಳನ್ನು ಕಳಿಸಿದ. ಎರಡು ಸಲವೂ ನಾನು ಕೊಡಲಿಲ್ಲ. ಕಮಲಾಪುರಕ್ಕೆ ನೀನು ಹೋಗುವ ದಿನ ಹೇಳು, ನಾನೂ ಬರುತ್ತೇನೆ, ಪಟ್ಟಿಯನ್ನು ಅಲ್ಲೇ ಕೂರಿಸೋಣ ಎಂದು ಹೇಳಿ ಕಳಿಸಿದೆ, ಉಸ್ತಾದ್ ಹೇಳಿದ ಹೊಟೇಲಿನ ಚಹಾದ ಮಾತನ್ನೂ ಸೇರಿಸಿ. ನನ್ನ ಬಾಯಿಂದ ಹೋದ ಮಾತನ್ನೇ ಅವನು ಊರೆಲ್ಲ ಹರಡಿದ್ದು, ಅವನಿಗೆ ಹೀಗೆ ಷರತ್ತು ಹಾಕುವ ಹಕ್ಕು ನನಗೆಲ್ಲಿಯದು ಎಂಬುದು ಗೊತ್ತಿದೆ. ಆದರೂ ಕೊಟ್ಟಿಲ್ಲ. ನಿನ್ನೆ ಅವನೇ ಕಾರ್ಯಾಗಾರಕ್ಕೆ ಬಂದಿದ್ದ. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದ.

"ಆ ಹೊಟೇಲದಾಗ ಎಷ್ಟು ಮಂದಿ ಇರ್ತಾರ?" ಎಂದು ಕೇಳಿದ.

"ಚಾದ ಟೈಮಿಗಿ ಆರೇಳು ಮಂದಿ," ಎಂದೆ.

ಅವನು ಪಟ್ಟಿಯನ್ನು ಒಯ್ಯಲಿಲ್ಲ, ಮೇಜಿನ ಮೇಲಿಟ್ಟು ಹೋದ.